ಟ್ರಾಬ್ಜೋನಿನ ಝಡತಿ

ಕೃಷ್ಣೆ ತುಂಗಭದ್ರೆಗಳ ನಡುವೆ ಹರಡಿಕೊಂಡಿರುವ, ಶಾಸನಗಳು ಎಡೆದೊರೆನಾಡೆಂದು ಕರೆದ, ಅನಂತರದ ಪಾರಸೀ ಬರಹಗಾರರಿಂದ ದೋಆಬವೆಂಬ ಹೆಸರು ಪಡೆದ ಈ ಭೂಭಾಗದಲ್ಲಿ, ಅರಕೇರಾ, ದೇವದುರ್ಗ, ಮಾನ್ವಿಗಳ ಎರೆಹೊಲಗಳನ್ನು ನೆಚ್ಚಿ ಜೋಳ ಹತ್ತಿ ಬೆಳೆದು ಬಾಳುವ ರೈತನಿಗೆ, ತನ್ನ ಸೀಮೆಯ ಕೀರ್ತಿ ಒಂದಾನೊಂದು ಕಾಲದಲ್ಲಿ ದೇಶಾಂತರಗಳಿಗೆ ಹೋದದ್ದು ಈ ಬೆಳೆಗಳ ಮೂಲಕವಲ್ಲವೆಂದು ಹೇಳಿದರೆ ಅವನು ನಕ್ಕಾನು. ಅವನ ನಗೆಗೆ ಕಾರಣವುಂಟು: ಎರೆಮಣ್ಣಿನಲ್ಲಿ ಕಲ್ಲು ಸಿಕ್ಕರೆ ಆತನಿಗೆ ಅದು ಕುಂಟೆಯ ಕುಡವನ್ನು ಕೆಡಿಸುವ ಪೀಡೆಯೇ ಹೊರತು ಸಂಪತ್ತಲ್ಲ. ಆದರೂ ಹಟ್ಟಿಯ ಬಂಗಾರದ ಗಣಿಗಳಲ್ಲಿ ಪ್ರಾಚೀನರು ಬೆಂಕಿಯಿಂದ ಬಂಡೆಯನ್ನು ಕಾಯಿಸಿ ನೀರಿನಿಂದ ಸೀಳಿ ನೂರಾರು ಅಡಿ ಆಳಕ್ಕೆ ಇಳಿದಿದ್ದ ಗುರುತುಗಳು ಈ ನೆಲದ ಒಡಲ ಸಂಪತ್ತಿಗೆ ಸಾಕ್ಷಿಯಾಗಿರುವಂತೆಯೇ, ರಾಯಚೂರಿನಲ್ಲಿ ವಜ್ರ ಹುಟ್ಟುತ್ತದೆ ಎಂಬ ಮಾತನ್ನು ಅದರ ಧಾರಣಿಯ ಸಹಿತವಾಗಿ ಬರೆದಿಟ್ಟ ಒಂದು ದಾಖಲೆಯೂ ಉಂಟು. ಮತ್ತು ಆ ದಾಖಲೆಯು ಹುಟ್ಟಿದ್ದು ಪಾರಸಿಯಲ್ಲಲ್ಲ, ತೆಲುಗು ಕನ್ನಡಗಳಲ್ಲಲ್ಲ, ವೋಲ್ಗಾ ನದಿಯ ತೀರದ ತ್ವೇರ್ ಎಂಬ ಪಟ್ಟಣದ ವರ್ತಕನೊಬ್ಬನ ರಷ್ಯನ್ ಭಾಷೆಯಲ್ಲಿ.

ಅಫನಾಸಿ ನಿಕಿತಿನ್ ಎಂಬ ಈ ವರ್ತಕನ ಪ್ರವಾಸದ ಆರಂಭವನ್ನು ಹೇಳುವಾಗ ಬಹುಮಂದಿ ಲೇಖಕರು ಅವನನ್ನು ವೀರನನ್ನಾಗಿಯೂ ಅನ್ವೇಷಕನನ್ನಾಗಿಯೂ ಚಿತ್ರಿಸಲು ಹೊರಡುತ್ತಾರೆ. ಆದರೆ ಅವನ ಬರಹವನ್ನು ನಿಧಾನವಾಗಿ ಓದಿದವರಿಗೆ ಕಾಣುವುದು ಸಾಲದ ಹೆದರಿಕೆಯಿಂದ ಊರಿಗೆ ಮರಳಲಾರದೆ ಮುಂದೆ ಮುಂದೆ ಸಾಗಿದ ಒಬ್ಬ ಸಾಮಾನ್ಯ ವ್ಯಾಪಾರಿ. ಹದಿನೈದನೆಯ ಶತಮಾನದ ಅರುವತ್ತರ ದಶಕದ ಕೊನೆಯ ಭಾಗದಲ್ಲಿ, ಮಾಸ್ಕೋವಿನ ಮೂರನೆಯ ಇವಾನನು ಕೊಟ್ಟ 90 ಬೇಟೆಯ ಡೇಗೆಗಳನ್ನು ತನ್ನ ಒಡೆಯನಾದ ಶಿರ್ವಾನದ ಷಹನ ಬಳಿಗೆ ಕೊಂಡೊಯ್ಯುತ್ತಿದ್ದ ರಾಯಭಾರಿ ಹಸನ್ ಬೇಗನ ಸಂಗಡ, ವೋಲ್ಗಾ ನದಿಯ ಕೆಳಮುಖವಾಗಿ ಹೊರಟ ಅವನ ದೋಣಿಯನ್ನು ಅಸ್ತ್ರಖಾನದ ಬಳಿಯಲ್ಲಿ ತಾರ್ತಾರರು ಸುಲಿದರು. ಸರಕಿನೊಂದಿಗೆ ಅವನ ಧರ್ಮಗ್ರಂಥಗಳೂ ಹೋದವು. ಆ ಗ್ರಂಥಗಳು ಹೋದ ಬಳಿಕ ಹಬ್ಬ ಉಪವಾಸಗಳ ದಿನವನ್ನು ಲೆಕ್ಕ ಹಾಕುವ ಸಾಧನವೇ ಇಲ್ಲದೆ, ಈಸ್ಟರ್ ಹಬ್ಬವು ಇಂದೋ ನಾಳೆಯೋ ಎಂದು ಊಹಿಸುತ್ತ ಪರದೇಶಗಳಲ್ಲಿ ವರ್ಷಗಳನ್ನು ಕಳೆದ ಅವನ ವ್ಯಥೆ ಅವನ ಪುಸ್ತಕದಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ. ಡರ್ಬೆಂಟ್, ಬಾಕು, ಕ್ಯಾಸ್ಪಿಯನ್ ಸಮುದ್ರದ ದಕ್ಷಿಣ ತೀರ, ಪಾರಸೀಕದ ಮರುಭೂಮಿ ಇವುಗಳನ್ನು ದಾಟಿ ಹೊರ್ಮುಜಿಗೆ ಬಂದವನು ಅಲ್ಲಿ ಒಂದು ಗಂಡುಕುದುರೆಯನ್ನು ಹಡಗಿಗೆ ಏರಿಸಿದನು. ಭಾರತದಲ್ಲಿ ಉತ್ತಮ ಕುದುರೆ ಹುಟ್ಟುವುದಿಲ್ಲ, ಆದುದರಿಂದ ಅಲ್ಲಿ ಅದಕ್ಕೆ ಚಿನ್ನದ ಬೆಲೆ ಎಂಬ ಮಾತು ಆ ಬಂದರದಲ್ಲಿ ಎಲ್ಲರ ಬಾಯಲ್ಲಿಯೂ ಇದ್ದಿತು.

ಆ ಒಂದು ಕುದುರೆಯೇ ಅವನ ಸಮಸ್ತ ಬಂಡವಾಳ. ಅದನ್ನು ಈ ದೇಶಕ್ಕೆ ತಂದು ಮುಟ್ಟಿಸುವುದರಲ್ಲಿ ನೂರು ರೂಬಲ್ ವೆಚ್ಚವಾಯಿತೆಂದು ಅವನೇ ಲೆಕ್ಕ ಕೊಡುತ್ತಾನೆ. ಚೌಲ್ ಬಂದರದಲ್ಲಿ ಇಳಿದು ಘಟ್ಟವನ್ನೇರಿ ಜುನ್ನರಿಗೆ ಬಂದಾಗ, ಅಲ್ಲಿಯ ಅಧಿಪತಿಯಾದ ಅಸದ್ ಖಾನನು ಕುದುರೆಯನ್ನು ಕಿತ್ತುಕೊಂಡು, ಇಸ್ಲಾಮನ್ನು ಸ್ವೀಕರಿಸಿದರೆ ಕುದುರೆಯ ಜೊತೆಗೆ ಸಾವಿರ ಹೊನ್ನು, ಇಲ್ಲವಾದರೆ ಕುದುರೆಯೂ ಇಲ್ಲ, ಮೇಲೆ ತಲೆಗೆ ಸಾವಿರ ಹೊನ್ನಿನ ದಂಡ ಎಂದು ನಾಲ್ಕು ದಿನಗಳ ಗಡುವು ಕೊಟ್ಟನು. ಖುರಾಸಾನದ ಮಹಮ್ಮದನೆಂಬ ಒಬ್ಬ ಗಣ್ಯನು ನಡುವೆ ಬಿದ್ದು ಬಿಡಿಸದಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. ಅನ್ಯಮತೀಯನೊಬ್ಬನನ್ನು ಒಬ್ಬ ಮುಸಲ್ಮಾನ ಅಧಿಕಾರಿಯು ಹಿಂಸಿಸುವುದೂ ಇನ್ನೊಬ್ಬ ಮುಸಲ್ಮಾನನೇ ಅವನನ್ನು ಪಾರುಮಾಡುವುದೂ ಒಂದೇ ವಾರದಲ್ಲಿ, ಒಂದೇ ಊರಿನಲ್ಲಿ ನಡೆದ ಸಂಗತಿ. ಆ ಕಾಲವನ್ನು ಒಂದೇ ಬಣ್ಣದಲ್ಲಿ ಬರೆಯುವವರು ಈ ಪುಟವನ್ನು ಓದಬೇಕು. ಅಲ್ಲಿಯ ನಾಲ್ಕು ತಿಂಗಳ ಮಳೆ, ಹಗಲಿರುಳೂ ನೀರು, ಎಲ್ಲೆಲ್ಲಿಯೂ ಕೆಸರು, ಕುದುರೆಗಳಿಗೆ ಕಡಲೆಯನ್ನೂ ಸಕ್ಕರೆ ಎಣ್ಣೆ ಬೆರಸಿದ ಕಿಚಡಿಯನ್ನೂ ತಿನ್ನಿಸುವ ಪದ್ಧತಿ, ಇವೆಲ್ಲ ಅವನಿಗೆ ಹೊಸತು. ಹುಲ್ಲು ಮೇದು ಬಾಳುವ ಉತ್ತರದೇಶದ ಕುದುರೆಗಳನ್ನು ಕಂಡಿದ್ದವನಿಗೆ ಕಿಚಡಿ ತಿನ್ನುವ ಕುದುರೆ ಆಶ್ಚರ್ಯಕರವಾಗಿ ತೋರಿದುದು ಸಹಜ.

ಜುನ್ನರಿನಿಂದ ಬಿದರೆಗೆ, ಅಂದರೆ ಬಹಮನಿ ರಾಜ್ಯದ ರಾಜಧಾನಿಗೆ, ಅವನು ಬಂದನು. ಸಿಂಹಾಸನದ ಮೇಲೆ ಇಪ್ಪತ್ತರ ಹರೆಯದ ಮೂರನೆಯ ಮುಹಮ್ಮದ್ ಷಹನಿದ್ದರೂ ರಾಜ್ಯಭಾರದ ಸೂತ್ರಗಳು ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಮಂತ್ರಿಪದವಿಗೇರಿದ್ದ ಮಹಮೂದ್ ಗವಾನನ ಕೈಯಲ್ಲಿದ್ದವು. ಮಲಿಕ್ ಉತ್ ತುಜ್ಜಾರ್, ಅಂದರೆ ವರ್ತಕರ ಒಡೆಯ, ಎಂಬ ಅವನ ಬಿರುದನ್ನೇ ನಿಕಿತಿನನು ಹೆಸರೆಂಬಂತೆ ಬಳಸುತ್ತಾನೆ. ಅರಮನೆಗೆ ಏಳು ಬಾಗಿಲು, ಪ್ರತಿಯೊಂದು ಬಾಗಿಲಿನಲ್ಲಿ ನೂರು ಮಂದಿ ಕಾವಲುಗಾರರು, ನೂರು ಮಂದಿ ಲೆಕ್ಕಿಗರು. ಒಳಹೋದವರ ಹೆಸರು ಒಬ್ಬನು, ಹೊರಬಂದವರ ಹೆಸರು ಇನ್ನೊಬ್ಬನು ಬರೆದುಕೊಳ್ಳುವನು. ಪರದೇಶಿಯರಿಗೆ ಮಾತ್ರ ಪ್ರವೇಶವಿಲ್ಲ. ಈ ಚಿತ್ರದಲ್ಲಿ ಒಂದು ವಿನೋದವಿದೆ. ಆಸ್ಥಾನದ ದೊಡ್ಡವರಲ್ಲಿ ಬಹುಪಾಲು ಮಂದಿ ತಾವೇ ಪರದೇಶಿಯರು: ಖುರಾಸಾನಿನವರು, ಗೀಲಾನಿನವರು, ತುರ್ಕರು. ಸಾವಾ ಎಂಬ ಪಾರಸೀಕ ಪಟ್ಟಣದಿಂದ ಬಂದು ಗವಾನನ ಆಶ್ರಯದಲ್ಲಿ ಬೆಳೆದು, ಅವನ ಮರಣಾನಂತರ ವಿಜಾಪುರದಲ್ಲಿ ಸ್ವತಂತ್ರನಾದ ಯೂಸುಫ್ ಆದಿಲ್ ಖಾನನು ಈ ಗುಂಪಿನವನೇ. ಅವನು ಉಸ್ಮಾನೀ ಸುಲ್ತಾನ ಎರಡನೆಯ ಮುರಾದನ ಮಗನೆಂದೂ, ಪಟ್ಟಕ್ಕೆ ಬಂದ ಅಣ್ಣನ ಕತ್ತಿಯಿಂದ ತಪ್ಪಿಸಲು ತಾಯಿಯು ಅವನನ್ನು ಗುಟ್ಟಾಗಿ ಸಾಗಿಸಿದಳೆಂದೂ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ರಾಜವಂಶಗಳು ತಮ್ಮ ಮೂಲಪುರುಷನಿಗೆ ಕಿರೀಟವನ್ನು ತೊಡಿಸುವ ಪರಿಪಾಟಿ ನಮ್ಮಲ್ಲಿಯೂ ಇರುವುದರಿಂದ ಆ ಕಥೆಯನ್ನು ಇತಿಹಾಸಕಾರರು ನಂಬದಿದ್ದರೆ ಆಶ್ಚರ್ಯವಿಲ್ಲ. ಆದರೆ ಕಥೆ ಸುಳ್ಳಾದರೂ ಸಂಬಂಧ ಸುಳ್ಳಲ್ಲ: ಕಾನ್ಸ್ಟಾಂಟಿನೋಪಲನ್ನು 1453ರಲ್ಲಿ ಗೆದ್ದ ಮೆಹ್ಮೆದ್ ಸುಲ್ತಾನನಿಗೆ ಗವಾನನು ಬರೆದ ಪತ್ರಗಳು ಅವನ ಪತ್ರಸಂಗ್ರಹವಾದ ರಿಯಾಜುಲ್ ಇನ್ಷಾದಲ್ಲಿ ಇಂದಿಗೂ ಉಳಿದುಕೊಂಡಿವೆ. ಬಿದರೆಗೂ ಬಾಸ್ಫರಸ್ಸಿಗೂ ನಡುವೆ ಕಾಗದ ಓಡಾಡುತ್ತಿದ್ದ ಕಾಲವದು.

ಬಿದರೆಯ ಸೀಮೆಯಲ್ಲಿ ನಿಕಿತಿನನ ಕಣ್ಣನ್ನು ಸೆಳೆದದ್ದು ಬರಿಯ ವೈಭವವಲ್ಲ. ಬೆಳ್ಳಿಯ ಪಲ್ಲಕ್ಕಿಗಳಲ್ಲಿ, ಚಿನ್ನದ ಜೀನಿನ ಕುದುರೆಗಳ ಹಿಂದೆ, ತುತ್ತೂರಿ ನಗಾರಿಗಳ ನಡುವೆ ಸಾಗುವ ಸರದಾರರನ್ನು ವರ್ಣಿಸಿ, ಅದೇ ಉಸಿರಿನಲ್ಲಿ ಹಳ್ಳಿಗಾಡಿನ ಜನರು ಬಹು ಬಡವರೆಂದೂ ದೊಡ್ಡವರು ಬಹು ಸುಖಿಗಳೆಂದೂ ಅವನು ಹೇಳುವುದು, ರಾಜರ ಔದಾರ್ಯವನ್ನು ಹೊಗಳಲು ಬಂದ ಆಸ್ಥಾನ ಕವಿಗಳಿಂದ ನಮಗೆ ದೊರೆಯದ ಸಾಕ್ಷ್ಯ. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾದ ಬಳಿಯಲ್ಲಿ ನೆರೆಯುತ್ತಿದ್ದ ಹತ್ತು ದಿನಗಳ ಜಾತ್ರೆಗೆ ಸಮಾನವಾದದ್ದು ಹಿಂದೂಸ್ತಾನದಲ್ಲಿಯೇ ಇಲ್ಲವೆಂದು ಅವನ ಅಭಿಪ್ರಾಯ. ಇಪ್ಪತ್ತು ಸಾವಿರ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವಂತೆ, ಎಲ್ಲ ಬಗೆಯ ಸರಕೂ ಅಲ್ಲಿ ಸಿಗುತ್ತಿದ್ದಿತಂತೆ. ತಾನು ತಂದ ಕುದುರೆಯನ್ನೋ, ಒಂದು ವರ್ಷ ಕಡಲೆ ತಿನ್ನಿಸಿ ಸಾಕಿ, ಕೊನೆಗೆ ಬಿದರೆಯಲ್ಲಿ ಕ್ರಿಸ್ಮಸ್ಸಿನ ಹೊತ್ತಿಗೆ ಮಾರಿದನು. ಲಾಭವೆಷ್ಟೆಂಬುದನ್ನು ಬರೆಯದೆ ಸಾಕಣೆಯ ಖರ್ಚನ್ನು ಮಾತ್ರ ಬರೆದಿರುವುದರಿಂದ ವ್ಯಾಪಾರವು ಹೇಗೆ ನಡೆಯಿತೆಂಬುದನ್ನು ಪೇಟೆಯ ಅನುಭವವುಳ್ಳವರು ತಾವೇ ತಿಳಿದುಕೊಳ್ಳಬಹುದು.

ಕುದುರೆಯ ಹೊರೆ ಇಳಿದ ಮೇಲೆ ಅವನು ಸ್ಥಳೀಯರಾದ ಹಿಂದೂ ಜನರ ಸಂಗ ಮಾಡಿದನು. ತಾನು ಮುಸಲ್ಮಾನನಲ್ಲ, ಕ್ರೈಸ್ತನು, ಅಫನಾಸಿ ಎಂಬುದು ತನ್ನ ಹೆಸರು ಎಂದು ಅವರಿಗೆ ತಿಳಿಯಪಡಿಸಿದ ಮೇಲೆ ಅವರು ಊಟವನ್ನಾಗಲಿ ಪೂಜೆಯನ್ನಾಗಲಿ ವ್ಯಾಪಾರವನ್ನಾಗಲಿ ಮನೆಯ ಹೆಂಗಸರನ್ನಾಗಲಿ ತನ್ನಿಂದ ಮರೆಮಾಡಲಿಲ್ಲವೆಂದು ಅವನು ಬರೆಯುತ್ತಾನೆ. ಜಾತಿಗಳು ಪರಸ್ಪರ ಸಹಭೋಜನ ಮಾಡುವುದಿಲ್ಲ, ಗಂಡನ ಜೊತೆ ಹೆಂಡತಿಯೂ ಉಣ್ಣುವುದಿಲ್ಲ, ಬಲಗೈಯಿಂದಲ್ಲದೆ ಉಣ್ಣುವುದಿಲ್ಲ, ಅನ್ಯರ ದೃಷ್ಟಿ ಗಡಿಗೆಯ ಮೇಲೆ ಬಿದ್ದರೆ ಆ ಅನ್ನವನ್ನು ಬಿಡುತ್ತಾರೆ ಎಂಬ ಅವನ ಟಿಪ್ಪಣಿಗಳು ಪರಕೀಯನ ಅಪಹಾಸ್ಯದಂತೆ ತೋರುವುದಿಲ್ಲ. ಬೇರೆ ಮನೆಗೆ ಅತಿಥಿಯಾಗಿ ಹೋದವನು ಹೊಸ್ತಿಲಲ್ಲಿ ನಿಂತು ಒಳಗಿನ ರೀತಿಯನ್ನು ಗಮನಿಸಿದಂತಿದೆ. ಅವರೊಡನೆಯೇ ಅವನು ಶಿವರಾತ್ರಿಗೆ ಪರ್ವತಕ್ಕೆ ಹೋದನು. ನಮ್ಮ ಭಾಗದ ಹಳೆಯ ಜನರು ಶ್ರೀಶೈಲವನ್ನು ಇಂದಿಗೂ ಪರ್ವತವೆಂದೇ ಕರೆಯುತ್ತಾರೆ, ಮಲ್ಲಯ್ಯನ ದರ್ಶನಕ್ಕೆ ಕಂಬಿ ಹೊತ್ತು ನಡೆದುಹೋಗುತ್ತಾರೆ. ನಿಕಿತಿನನ ಲೇಖನಿಯಲ್ಲಿ ಅದು ಹಿಂದೂಗಳ ಜೆರುಸಲೇಮು, ಮುಸಲ್ಮಾನರ ಮೆಕ್ಕೆಯಂತಹುದು. ತ್ವೇರ್ ಪಟ್ಟಣದ ಅರ್ಧದಷ್ಟು ದೊಡ್ಡದಾದ ಕಲ್ಲಿನ ಗುಡಿ. ಗೋಡೆಯ ಸುತ್ತಲೂ ದೇವರ ಲೀಲೆಗಳ ಕೆತ್ತನೆ. ಎದುರಿಗೆ ಕರಿಯ ಕಲ್ಲಿನಲ್ಲಿ ಕಡೆದು ಚಿನ್ನ ಬಳಿದ ಬೃಹತ್ತಾದ ಎತ್ತು, ಅದರ ಗೊರಸಿಗೆ ಜನ ಮುತ್ತಿಡುತ್ತಾರೆ, ಮೇಲೆ ಹೂವು ಚೆಲ್ಲುತ್ತಾರೆ. ಜಾತ್ರೆಯ ತೆರಿಗೆಯನ್ನೂ ಅವನು ಮರೆಯುವುದಿಲ್ಲ, ತಲೆಗೆ ಇಷ್ಟು, ಕುದುರೆಗೆ ಇಷ್ಟು. ವರ್ತಕನ ಭಕ್ತಿಯಲ್ಲಿಯೂ ಒಂದು ಕಣ್ಣು ಸುಂಕದ ಕಟ್ಟೆಯ ಮೇಲಿರುತ್ತದೆ.

ಇಲ್ಲಿ ಒಂದು ಹೋಲಿಕೆ ಬರುತ್ತದೆ. ಬಲಗೈಯನ್ನು ಮೇಲೆತ್ತಿ ಚಾಚಿದ ದೇವರ ವಿಗ್ರಹವನ್ನು ಕಂಡಾಗ ಅವನಿಗೆ ಸ್ಮರಣೆಗೆ ಬಂದದ್ದು ಕಾನ್ಸ್ಟಾಂಟಿನೋಪಲಿನಲ್ಲಿ ಸಂತ ಸೋಫಿಯಾ ಮಂದಿರದ ಬಳಿ ಎತ್ತರದ ಕಂಬದ ಮೇಲೆ ಕುದುರೆಯೇರಿ ಕುಳಿತು ಕೈಚಾಚಿದ್ದ ಜಸ್ಟಿನಿಯನ್ ಚಕ್ರವರ್ತಿಯ ಕಂಚಿನ ಪ್ರತಿಮೆ. ರಷ್ಯದ ಯಾತ್ರಿಕರ ಕಥನಗಳಲ್ಲಿ ಅದು ಹಿಂದಿನಿಂದಲೂ ಹೆಸರಾದ ಅದ್ಭುತ. ಉಸ್ಮಾನೀಯರು ಊರನ್ನು ಹಿಡಿದ ಮೇಲೆ ಅದನ್ನು ಕಂಬದಿಂದ ಇಳಿಸಿದರು. ಹೀಗಾಗಿ ಕೃಷ್ಣೆಯ ದಂಡೆಯ ಶೈವಕ್ಷೇತ್ರವೊಂದರಲ್ಲಿ ನಿಂತ ರಷ್ಯದ ಕ್ರೈಸ್ತನೊಬ್ಬನು, ತುರ್ಕರ ಪಟ್ಟಣದಲ್ಲಿ ಆಗಲೇ ಅಳಿದುಹೋಗಿದ್ದ ವಿಗ್ರಹವೊಂದನ್ನು ಅಳತೆಗೋಲಾಗಿ ಹಿಡಿದು ನಮ್ಮ ಶಿಲ್ಪವನ್ನು ತನ್ನ ಜನರಿಗೆ ವಿವರಿಸಿದನು.

ರಾಯಚೂರಿನ ಮಾತು ಬರುವುದು ಯಾವ ಊರಿನಲ್ಲಿ ಯಾವ ಸರಕು ಹುಟ್ಟುತ್ತದೆ ಎಂಬುದನ್ನು ಪಟ್ಟಿಮಾಡುವ ಭಾಗದಲ್ಲಿ. ಕಲ್ಲಿಕೋಟೆಯ ಮೆಣಸು ಶುಂಠಿಗಳು, ಸಿಂಹಳದ ಮಾಣಿಕ್ಯ, ಖಂಬಾಯತದ ಬಟ್ಟೆ ಮತ್ತು ನೀಲಿ, ಇವುಗಳ ಸಾಲಿನಲ್ಲಿ ರಾಯಚೂರಿನ ವಜ್ರ. ಅಲ್ಲಿ ತಾನು ಬಿಡಾರ ಹೂಡಿದೆನೆಂದು ಅವನು ಹೇಳುವುದಿಲ್ಲ. ಆದರೆ ಹೇಳುವ ವಿವರಗಳು ರತ್ನಪಡಿವ್ಯಾಪಾರಿಯ ಬಾಯಿಂದಲೇ ಬರತಕ್ಕವು. ಹಳೆಯ ಗಣಿಯ ವಜ್ರ ಬೇರೆ, ಹೊಸ ಗಣಿಯ ವಜ್ರ ಬೇರೆ. ರಷ್ಯದ ತೂಕದಲ್ಲಿ ಒಂದು ಪೊಚ್ಕಾ ವಜ್ರಕ್ಕೆ ಐದು ರೂಬಲ್, ಒಳ್ಳೆಯದಕ್ಕೆ ಹತ್ತು. ಅದು ಕಲ್ಲಿನ ಗುಡ್ಡದಲ್ಲಿ ಹುಟ್ಟುತ್ತದೆ, ಆ ಗುಡ್ಡವನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ, ಹೊಸ ವಜ್ರದ ನೆಲಕ್ಕೆ ಮೊಳಕ್ಕೆ ಎರಡು ಸಾವಿರ, ಹಳೆಯದಕ್ಕೆ ಹತ್ತು ಸಾವಿರ ಹೊನ್ನು. ಆ ನೆಲ ಸುಲ್ತಾನನ ಸೇವಕನಾದ ಮಲಿಕ್ ಖಾನನದು, ಬಿದರೆಯಿಂದ ಮೂವತ್ತು ಗಾವುದ. ಗುಡ್ಡವನ್ನು ಮೊಳದ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುವುದೆಂದರೆ, ಅಗೆದ ಮೊಳದಲ್ಲಿ ರತ್ನ ದೊರೆತರೂ ಬರಿಯ ಜಲ್ಲಿ ದೊರೆತರೂ ಒಡೆಯನಿಗೆ ನಷ್ಟವಿಲ್ಲ, ಅದೃಷ್ಟದ ಭಾರವೆಲ್ಲ ಅಗೆಯುವವನ ತಲೆಯ ಮೇಲೆ. ಈ ವ್ಯವಸ್ಥೆಯ ತಿರುಳನ್ನು ನಮ್ಮ ಕೋರು ಗುತ್ತಿಗೆಗಳನ್ನು ಬಲ್ಲ ರೈತನಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ.

ಆ ದಿನಗಳಲ್ಲಿ ರಾಯಚೂರಿಗೆ ಬಂದ ವರ್ತಕನ ಕಣ್ಣಿಗೆ ಇಂದು ನಾವು ಕಾಣುವ ಊರು ಕಂಡಿರಲಾರದು. ಊರ ನಡುವೆ ನಿಂತ, ಅರುವತ್ತೈದು ಅಡಿಗಳ ಒಂಟಿ ಗೋಪುರದ ಏಕಮಿನಾರ ಮಸೀದಿ 1513ರದು; ಹೊರಗೋಟೆಯ ಬಹುಭಾಗವೂ ಈಚಿನದು. ಆದರೆ ಒಳಗೋಟೆಯ ಪಶ್ಚಿಮದ ಗೋಡೆಯಲ್ಲಿ, 1294ರಲ್ಲಿ ಕಾಕತೀಯರ ಸೇವೆಯಲ್ಲಿದ್ದ ಗೋರೆ ಗನ್ನಯ್ಯ ರೆಡ್ಡಿಯ ಹೆಸರಿನಲ್ಲಿ ಕೋಟೆಯನ್ನು ಕಟ್ಟಿದ ಸಂಗತಿಯನ್ನು ತೆಲುಗಿನಲ್ಲಿ ಸಾರುವ, ನಾಲ್ವತ್ತೊಂದು ಅಡಿಗೂ ಮಿಕ್ಕ ಉದ್ದದ ಒಂದೇ ಚಪ್ಪಡಿಯ ಶಾಸನ ಆಗಲೂ ಅಲ್ಲಿಯೇ ಇದ್ದಿತು. ಆ ಚಪ್ಪಡಿಯ ಸಮೀಪದಲ್ಲಿ ಗೋಡೆಯ ಕಲ್ಲಿನ ಮೇಲೆ ತೆಳುವಾಗಿ ಕೊರೆದ ಒಂದು ರೇಖಾಚಿತ್ರವುಂಟು: ಗಟ್ಟಿ ಚಕ್ರಗಳ ಬಂಡಿಯ ಮೇಲೆ ಈ ಬೃಹತ್ ಶಿಲೆ, ಮುಂದೆ ಸಾಲುಸಾಲಾಗಿ ನೊಗಕ್ಕೆ ಹೂಡಿದ ಕೋಣಗಳು, ಅವುಗಳನ್ನು ಹುರಿದುಂಬಿಸುವ ಹೊಡೆಯುವವರು, ಹಿಂದಿನಿಂದ ಚಕ್ರಕ್ಕೆ ಸನ್ನೆಗೋಲು ಹಾಕುವ ಆಳುಗಳು. ಶಾಸನವು ಒಡೆಯನನ್ನು ಹೆಸರಿಸಿತು. ಕಲ್ಲನ್ನು ಸಾಗಿಸಿದವರ ಕಡೆಗೆ ಒಮ್ಮೆಯಾದರೂ ತಿರುಗಿ ನೋಡಿದವನು ಆ ಚಿತ್ರವನ್ನು ಕೊರೆದ ಹೆಸರಿಲ್ಲದ ಕಲ್ಲುಕುಟಿಕ. ಕೋಟೆಯನ್ನು ನೋಡಹೋಗುವವರು ಫಿರಂಗಿಯನ್ನು ಹುಡುಕಿ ಬಾಲಹಿಸಾರದ ಬೆಟ್ಟವನ್ನೇರುವ ಮುನ್ನ ಈ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು; ಇಳಿಬಿಸಿಲು ಓರೆಯಾಗಿ ಬೀಳುವಾಗ ಗೆರೆಗಳು ಚೆನ್ನಾಗಿ ಕಾಣುತ್ತವೆ.

ವರ್ಷಗಳು ಕಳೆದ ಮೇಲೆ ನಿಕಿತಿನನು ದಾಭೋಳದಲ್ಲಿ ಹಡಗು ಹತ್ತಿದನು. ಗಾಳಿಯು ಹಡಗನ್ನು ಆಫ್ರಿಕೆಯ ತೀರಕ್ಕೆ ತಳ್ಳಿತು, ಅಲ್ಲಿಯವರಿಗೆ ಅಕ್ಕಿ ಮೆಣಸು ರೊಟ್ಟಿಗಳನ್ನು ಹಂಚಿ ಲೂಟಿಯನ್ನು ತಪ್ಪಿಸಿಕೊಂಡರು. ಮಸ್ಕತ್, ಹೊರ್ಮುಜ್, ಶಿರಾಜ್, ಇಸ್ಫಹಾನ್, ಕಾಶಾನ್, ಕೋಮ್ ಹೀಗೆ ಪಾರಸೀಕವನ್ನು ಕೆಳಗಿನಿಂದ ಮೇಲಕ್ಕೆ ದಾಟಿ, ಯೂಸುಫ್ ಆದಿಲನ ಸಾವಾ ಪಟ್ಟಣವನ್ನೂ ಹಾದು, ತಬ್ರೀಜಿಗೆ, ಅಲ್ಲಿಂದ ಶ್ವೇತಮೇಷ ತುರ್ಕಮಾನರ ದೊರೆ ಉಜುನ್ ಹಸನನ ಪಾಳೆಯಕ್ಕೆ ಬಂದನು. ಅಲ್ಲಿ ಹತ್ತು ದಿನ ಸಿಕ್ಕಿಕೊಂಡನು, ಏಕೆಂದರೆ ಮುಂದೆ ದಾರಿಯಿರಲಿಲ್ಲ, ಯುದ್ಧವಿದ್ದಿತು. ಹಸನನ ಸೇನೆ ಉಸ್ಮಾನೀಯರ ತೋಕಾತ್ ಪಟ್ಟಣವನ್ನು ಸುಟ್ಟಿತ್ತು. ಆ ವೈರವು 1473ರ ಆಗಸ್ಟಿನಲ್ಲಿ ಓತ್ಲುಕ್ಬೆಲಿಯ ರಣರಂಗದಲ್ಲಿ ಉಸ್ಮಾನೀ ಫಿರಂಗಿಗಳ ಮುಂದೆ ಹಸನನು ಸೋತುಹೋಗುವವರೆಗೆ ಮುಂದುವರಿಯಿತು. ಇಂತಹ ಸಮಯದಲ್ಲಿ ಒಂದು ಪಾಳೆಯದಿಂದ ಹೊರಟು ಇನ್ನೊಂದು ಪಾಳೆಯದ ಬಂದರಕ್ಕೆ ಹೋಗುವ ಒಂಟಿ ಪಯಣಿಗನಿಗೆ ಏನು ಕಾದಿರುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆ ಬಂದರವೇ ಟ್ರಾಬ್ಜೋನ್, ಗ್ರೀಕರ ಟ್ರೆಬಿಜೋಂಡ್. ಕಪ್ಪು ಸಮುದ್ರದ ದಕ್ಷಿಣ ತೀರದಲ್ಲಿ, ಎರಡು ಆಳವಾದ ಕಮರಿಗಳ ನಡುವೆ ಎದ್ದ ಚಪ್ಪಟೆಯಾದ ದಿಬ್ಬದ ಮೇಲೆ ಕೋಟೆ, ಕೆಳಗೆ ಹಡಗುಗಳು ನಿಲ್ಲುವ ಕರೆ, ಹಿಂದೆ ತಬ್ರೀಜಿನಿಂದ ರೇಷ್ಮೆ ತರುವ ಸಾರ್ಥಗಳು ಇಳಿದುಬರುವ ಬೆಟ್ಟದ ಹಾದಿ. ಕಾನ್ಸ್ಟಾಂಟಿನೋಪಲು ಬಿದ್ದ ಎಂಟು ವರ್ಷಗಳ ಅನಂತರವೂ ಕೊಮ್ನೆನ ವಂಶದ ಗ್ರೀಕ್ ಅರಸರು ಇಲ್ಲಿ ಚಕ್ರವರ್ತಿಗಳೆಂಬ ಹೆಸರನ್ನು ಉಳಿಸಿಕೊಂಡಿದ್ದರು. 1461ರಲ್ಲಿ ಮೆಹ್ಮೆದ್ ಸುಲ್ತಾನನು ನೆಲದಿಂದಲೂ ಜಲದಿಂದಲೂ ಮುತ್ತಿ ಅವರ ಆಳ್ವಿಕೆಯನ್ನು ಅಂತ್ಯಗೊಳಿಸಿ, ಗಣ್ಯರಾದ ಮನೆತನಗಳನ್ನು ತನ್ನ ರಾಜಧಾನಿಗೆ ಸಾಗಿಸಿದನು. ಆ ವಂಶದ ಥಿಯೊಡೋರಾ ಎಂಬ ರಾಜಕುಮಾರಿಯು ಉಜುನ್ ಹಸನನ ರಾಣಿ. ಆದುದರಿಂದ ಟ್ರಾಬ್ಜೋನಿನ ಮೇಲೆ ಹಸನನಿಗೆ ಹೆಂಡತಿಯ ಕಡೆಯ ಹಕ್ಕುಂಟೆಂಬ ಸಂಶಯ ಅಲ್ಲಿಯ ಹೊಸ ಅಧಿಕಾರಿಗಳ ಮನಸ್ಸನ್ನು ಕೊರೆಯುತ್ತಿದ್ದಿರಬೇಕು. ಗೆದ್ದು ಹತ್ತು ಹನ್ನೆರಡು ವರ್ಷಗಳಷ್ಟೇ ಕಳೆದ ಊರಿನಲ್ಲಿ ಆಡಳಿತವು ನಿದ್ರಿಸುವುದಿಲ್ಲ. ಮುಂದೆ ಇದೇ ಕೋಟೆಯಲ್ಲಿ, 1494ರಲ್ಲಿ, ಯುರೋಪನ್ನು ನಡುಗಿಸಿದ ಸುಲೇಮಾನ್ ಸುಲ್ತಾನನು ಹುಟ್ಟಲಿದ್ದನು.

ಅಕ್ಟೋಬರ್ ತಿಂಗಳ ಆರಂಭಕ್ಕೆ ಬರುವ ಮೇರಿಮಾತೆಯ ರಕ್ಷಾವಸ್ತ್ರದ ಹಬ್ಬಕ್ಕೆ, ಆಳಂದದ ಜಾತ್ರೆಯ ಕಾಲವನ್ನು ಗುರುತಿಸಲು ಬಳಸಿದ್ದ ಅದೇ ಹಬ್ಬಕ್ಕೆ, ನಿಕಿತಿನನು ಟ್ರಾಬ್ಜೋನಿಗೆ ಬಂದನು. ಐದು ದಿನ ತಂಗಿದನು. ಕ್ರಿಮಿಯದ ಕಫಾ ಬಂದರಕ್ಕೆ ತನ್ನೊಬ್ಬನನ್ನು ಕರೆದೊಯ್ಯಲು ಒಂದು ಹೊನ್ನೆಂದು ಹಡಗಿನವನ ಜೊತೆ ಮಾತು ಮುಗಿಸಿದನು. ಅಷ್ಟರಲ್ಲಿ ಊರಿನ ಕಾವಲಧಿಕಾರಿಯಾದ ಸುಬಾಷಿಯೂ ಪಾಷನೂ ಸೇರಿ ಅವನಿಗೆ ಬಹು ಕೇಡು ಮಾಡಿದರು. ಕೆಳಗಿನ ಕರೆಯಲ್ಲಿದ್ದ ಅವನ ಗಂಟುಮೂಟೆಗಳನ್ನೆಲ್ಲ ಮೇಲಿನ ದುರ್ಗಕ್ಕೆ ಹೊರಿಸಿ, ಒಂದೊಂದನ್ನೂ ಬಿಚ್ಚಿ ಝಡತಿ ತೆಗೆದುಕೊಂಡರು. ಹುಡುಕಿದ್ದು ಕಾಗದಗಳನ್ನು: ಹಸನನ ಪಾಳೆಯದಿಂದ ಬಂದವನ ಬಳಿ ಗುಪ್ತ ಪತ್ರಗಳಿರಬೇಕೆಂಬುದು ಅವರ ಗುಮಾನಿ. ಪತ್ರ ಸಿಗಲಿಲ್ಲ, ಆದರೆ ಸಣ್ಣಪುಟ್ಟ ಒಳ್ಳೆಯ ವಸ್ತುಗಳೇನಿದ್ದವೋ ಅವೆಲ್ಲವೂ ಮಾಯವಾದವು. ಗೂಢಚರ್ಯೆಯ ವಿಚಾರಣೆಯೆಂದು ಆರಂಭವಾದದ್ದು ಲೂಟಿಯೆಂದು ಮುಗಿಯುವುದು ಯಾವ ದೇಶಕ್ಕೂ ಹೊಸತಲ್ಲ. ಈ ಬಂದರಕ್ಕಂತೂ ಅದು ಹಳೆಯ ಚಾಳಿ: ಚೀನದಿಂದ ವೆನಿಸ್ಸಿಗೆ ಮರಳುತ್ತಿದ್ದ ಮಾರ್ಕೊ ಪೋಲೊ ಮತ್ತು ಅವನ ಬಂಧುಗಳು ಗ್ರೀಕ್ ಅರಸರ ಕಾಲದಲ್ಲಿ ಇಲ್ಲಿಯೇ ಸುಮಾರು ನಾಲ್ಕು ಸಾವಿರ ಹೊನ್ನಿನಷ್ಟು ಸ್ವತ್ತನ್ನು ಕಳೆದುಕೊಂಡರು; ಆ ನಷ್ಟದ ಪ್ರಸ್ತಾಪ ಅವನ ಚಿಕ್ಕಪ್ಪನ ಮರಣಶಾಸನದಲ್ಲಿದೆ. ಹೊಡೆದವರು ಕ್ರೈಸ್ತರಾಗಲಿ ಮುಸಲ್ಮಾನರಾಗಲಿ, ದೂರದಿಂದ ಬಂದವನ ಗಂಟಿನಲ್ಲಿ ರತ್ನವಿದ್ದೀತೆಂಬ ನಿರೀಕ್ಷೆ ಒಂದೇ.

ಕಳೆದುಹೋದ ಆ ಸಣ್ಣ ವಸ್ತುಗಳು ಯಾವುವೆಂದು ಅವನು ಹೆಸರಿಸಿಲ್ಲ. ದಕ್ಷಿಣದೇಶದಲ್ಲಿ ವರ್ಷಗಟ್ಟಲೆ ಇದ್ದು ವಜ್ರದ ಧಾರಣಿಯನ್ನು ಬಾಯಿಪಾಠ ಮಾಡಿದ್ದ ವ್ಯಾಪಾರಿಯು ಬರಿಗೈಯಲ್ಲಿ ಮರಳುತ್ತಿದ್ದನೆಂದು ನಂಬುವುದು ಕಷ್ಟವಾದರೂ, ಅವನ ಸೊಂಟದ ಚೀಲದಲ್ಲಿ ರಾಯಚೂರಿನ ಹರಳಿದ್ದಿತೆಂದು ಕಥೆ ಕಟ್ಟುವುದು ಕಾದಂಬರಿಕಾರರ ಕೆಲಸ. ನನಗೆ ವಿಚಿತ್ರವಾಗಿ ತೋರುವುದು ಬೇರೆ. ಕಾಗದವನ್ನೇ ಹುಡುಕಿದವರ ಕೈಗಳ ನಡುವೆ, ಅವರಿಗೆ ಓದಲು ಬಾರದ ಲಿಪಿಯಲ್ಲಿ ಬರೆದ ಅವನ ಟಿಪ್ಪಣಿಗಳು ಹಾದುಹೋಗಿರಲೇಬೇಕು. ಅವುಗಳಲ್ಲಿ ಹಸನನ ಸೇನೆಯ ಸಂಖ್ಯೆಯಿದ್ದಿತು, ಅವನು ಸುಟ್ಟ ಪಟ್ಟಣಗಳ ಹೆಸರಿದ್ದಿತು, ಬಹಮನಿ ಸುಲ್ತಾನನ ಆನೆಕುದುರೆಗಳ ಲೆಕ್ಕವಿದ್ದಿತು. ಒಬ್ಬ ಗೂಢಚಾರನು ತರಬಹುದಾದುದಕ್ಕಿಂತ ಹೆಚ್ಚಿನ ಸುದ್ದಿಯಿದ್ದಿತು. ಅಲ್ಲಲ್ಲಿ ತುರ್ಕಿಯಲ್ಲಿಯೂ ಪಾರಸೀ ಅರಬ್ಬಿಗಳ ಮಿಶ್ರಣದಲ್ಲಿಯೂ ಮಾಡಿದ ಪ್ರಾರ್ಥನೆಗಳಿದ್ದವು. ಆ ಮಾತುಗಳನ್ನು ಯಾರಾದರೂ ಓದಿ ಕೇಳಿಸಿದ್ದರೆ ಸುಬಾಷಿಗೆ ಅರ್ಥವಾಗುತ್ತಿದ್ದವು. ರಷ್ಯನ್ ಅಕ್ಷರಗಳ ವೇಷದಲ್ಲಿದ್ದುದರಿಂದ ಅವು ಪಾರಾದವು. ಆ ದಿನ ಹಿಡಿಯಷ್ಟು ಸೊತ್ತನ್ನು ಇಟ್ಟುಕೊಂಡು ಬರಹದ ಹಾಳೆಗಳನ್ನು ಹಿಂದಕ್ಕೆ ಎಸೆದ ಅಧಿಕಾರಿಗಳ ಅಜ್ಞಾನಕ್ಕೆ, ಬಿದರೆ ರಾಯಚೂರುಗಳ ಚರಿತ್ರೆಯನ್ನು ಬರೆಯುವವರು ಕೃತಜ್ಞರಾಗಿರಬೇಕು.

ಟ್ರಾಬ್ಜೋನ್ ಅವನನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. ಪಾರಸೀಯರು ಇಸ್ತಾಂಬುಲಿನ ಕಡಲೆಂದು ಕರೆಯುತ್ತಿದ್ದ ಕಪ್ಪು ಸಮುದ್ರದಲ್ಲಿ, ಅವನ ದಾರಿಯ ಮೂರನೆಯ ಸಮುದ್ರದಲ್ಲಿ, ಐದು ದಿನ ಪಯಣಿಸಿ ವೋನಾ ಎಂಬಲ್ಲಿಗೆ ತಲುಪುವಷ್ಟರಲ್ಲಿ ಉತ್ತರದ ಬಿರುಗಾಳಿ ಎದ್ದು ಹಡಗನ್ನು ಮತ್ತೆ ಟ್ರಾಬ್ಜೋನಿನ ಕಡೆಗೇ ಅಟ್ಟಿತು. ಪಕ್ಕದ ಪ್ಲ್ಯಾಟಾನಾ ಎಂಬ ಕರೆಯಲ್ಲಿ, ಈಗಿನ ಅಕ್ಚಾಬಾತಿನಲ್ಲಿ, ಪ್ರತಿಕೂಲವಾದ ಗಾಳಿಯನ್ನು ಶಪಿಸುತ್ತ ಹದಿನೈದು ದಿನ ಕಾಯಬೇಕಾಯಿತು. ಎರಡು ಬಾರಿ ಹೊರಟರೂ ಗಾಳಿ ಎದುರಾಯಿತು. ಕಡೆಗೆ ಬಾಲಕ್ಲಾವಾ, ಗುರ್ಜೂಫ್, ಕಫಾ. ತಾನು ದಾಟಿದ ಮೂರು ಸಮುದ್ರಗಳ ಹೆಸರಿನಿಂದಲೇ ಪ್ರಸಿದ್ಧವಾದ ಅವನ ಪುಸ್ತಕವು ಅಲ್ಲಿಗೆ ಮುಗಿಯುತ್ತದೆ. ಬರಹದ ಕೊನೆಯ ಪ್ರಾರ್ಥನೆಯಲ್ಲಿ ದೇವರ ಹೆಸರುಗಳು ಅರಬ್ಬಿಯಲ್ಲಿವೆ. ಅವನು ಕ್ರೈಸ್ತನಾಗಿಯೇ ಉಳಿದನೋ ಇಲ್ಲವೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ದಕ್ಷಿಣದ ಪೇಟೆಗಳಲ್ಲಿ ವರ್ಷಗಟ್ಟಲೆ ಆಡಿದ ಭಾಷೆ ನಾಲಗೆಗೆ ಅಂಟಿಕೊಂಡು ಪ್ರಾರ್ಥನೆಯಲ್ಲಿಯೂ ಹೊರಬರುವುದನ್ನು, ಗಡಿಸೀಮೆಯಲ್ಲಿ ಮೂರು ನಾಲ್ಕು ನುಡಿಗಳನ್ನು ಒಂದೇ ವಾಕ್ಯದಲ್ಲಿ ಆಡುವ ರಾಯಚೂರಿನವರು ಮತಾಂತರದ ಗುರುತೆಂದು ತಿಳಿಯಲಾರರು.

ಸ್ಮೋಲೆನ್ಸ್ಕ್ ತಲುಪುವ ಮುನ್ನವೇ ದಾರಿಯಲ್ಲಿ ಅವನು ತೀರಿಕೊಂಡನು. ಸ್ವಹಸ್ತದಿಂದ ಬರೆದ ಹಾಳೆಗಳನ್ನು ವರ್ತಕರು ಮಾಸ್ಕೋವಿಗೆ ತಂದು ಮಹಾರಾಜನ ಕಾರ್ಯದರ್ಶಿ ವಾಸಿಲಿ ಮಾಮಿರೆವನಿಗೆ ಒಪ್ಪಿಸಿದರು. 1475ರ ವರ್ಷದ ಕೆಳಗೆ ಅದು ರಾಜ್ಯದ ವೃತ್ತಾಂತದಲ್ಲಿ ಸೇರಿ, ಮೂರು ಶತಮಾನಗಳಿಗೂ ಮಿಕ್ಕು ಮಠದ ಗ್ರಂಥಭಂಡಾರದಲ್ಲಿ ಮಲಗಿದ್ದು, ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇತಿಹಾಸಕಾರ ಕರಮ್ಜಿನನ ಕಣ್ಣಿಗೆ ಬಿದ್ದಿತು. ಇಂಗ್ಲಿಷ್ ಅನುವಾದವು ಲಂಡನ್ನಿನಲ್ಲಿ ಅಚ್ಚಾದದ್ದು 1857ರಲ್ಲಿ. ಆ ವರ್ಷ ರಾಯಚೂರು ದೋಆಬವು ನಿಜಾಮನ ಸಾಲದ ಲೆಕ್ಕಕ್ಕೆ ಕಂಪನಿ ಸರ್ಕಾರದ ವಶದಲ್ಲಿದ್ದಿತು, ಕೃಷ್ಣೆಯ ಆಚೆಯ ದಡದಲ್ಲಿ ಸುರಪುರದ ವೆಂಕಟಪ್ಪ ನಾಯಕನು ದಂಗೆಗೆ ಸಿದ್ಧನಾಗುತ್ತಿದ್ದನು, ಮತ್ತು ದೇವದುರ್ಗದ ಕಡೆಯ ಹೊಳೆಯ ಕಡವುಗಳಲ್ಲಿ ಆಚೆಗೆ ಈಚೆಗೆ ದಾಟುವವರ ಗಂಟುಗಳನ್ನು ಬಿಚ್ಚಿಸಿ ಕಾಗದ ಹುಡುಕುವ ಕೆಲಸಕ್ಕೆ ಬಿಡುವಿದ್ದಿರಲಾರದು.